ಕೆಳಗಿನ ತುಂಡು ನನ್ನದು

ಇವತ್ತು ಬೆಳಿಗ್ಗೆ ಸಿಂದಗಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರಿನ ಜೊತೆ ಜಗಳಕ್ಕೆ ಬಿದ್ದಿದ್ದೆ. ಸಂಖ್ಯಾಶಾಸ್ತ್ರದವರು ಬಳಸುವ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆ ನಿಮಗೆ ಗೊತ್ತಿರಬಹುದು, ಇಲ್ಲದಿದ್ದರೂ ಚಿಂತೆಯಿಲ್ಲ. ಗಣಿತದ ಫಂಕ್ಷನ್ ಒಂದನ್ನು ಬರೆದುಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಗ್ರಾಫ್ ಬಿಡಿಸಿಕೊಡುತ್ತದೆ. ಆದರೆ ಗೆರೆಗಳಿಗೆ ಹೆಸರು ಹಚ್ಚುವಾಗ ಮಾತ್ರ ಅದರ ಗದ್ದ ಹಿಡಿದು ರಮಿಸಬೇಕು. ಕನ್ನಡದಲ್ಲಿ ಬರೆದರೆ ಅಕ್ಷರದ ಬದಲು ಖಾಲಿ ಚೌಕಗಳು ಬಂದವು. ಫಾಂಟ್ ಬದಲಿಸಿದೆ. ಈಗ ಹೆಸರು ಹೋಗಿ ಗೆರೆಯ ಮೇಲೆಯೇ ಕೂತಿತು. “ಗೆರಿ ಮ್ಯಾಲ ಹೆಸರ ಬರದ್ರ ಎರಡೂ ಕೆಡ್ತಾವ,” ಎಂದು ಕಿವಿಯ ಹತ್ತಿರ ಯಾರೋ ಗದರಿದಂತಾಯಿತು. ಯಾರೋ ಏನು, ರಜಿಯಾ ಅಕ್ಕೋರೇ.

ಮುದ್ದೇಬಿಹಾಳ ತಾಲೂಕಿನ ನಾಲತವಾಡದಲ್ಲಿ ನಮಗೆ ಹೈಸ್ಕೂಲಿನ ಗಣಿತ ಕಲಿಸಿದವರು ಅವರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇದ್ದಿಲು, ಎಲೆ ಅರೆದು ನಾವೇ ಉಜ್ಜಿ ಕಪ್ಪು ಮಾಡಿದ ಬೋರ್ಡು. ಅದರ ಹಸಿ ವಾಸನೆ ಈಗಲೂ ಮೂಗಿನಲ್ಲಿದೆ. ಅದರ ಮೇಲೆ ಅವರೊಂದು ಗೆರೆ ಎಳೆದು, ಇದರ ಸಮೀಕರಣ ಯಾವುದು ಹೇಳ್ರಿ ಅನ್ನುವರು. ಮೊದಲು ಹೇಳಿದವರ ಹೆಸರನ್ನು ಗೆರೆಯ ಪಕ್ಕದ ಖಾಲಿ ಜಾಗದಲ್ಲಿ ಬರೆಯುವರು. ಶನಿವಾರದ ತನಕ ಅದನ್ನು ಯಾರೂ ಅಳಿಸುವ ಹಾಗಿಲ್ಲ.

ಅಯ್ಯೋ, ಆ ಹೆಸರಿಗಾಗಿ ನಾನು ಪಟ್ಟ ಆಸೆ! ಉತ್ತರ ಗೊತ್ತಿರುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಇನ್ನೊಬ್ಬರದಾಗಿರುತ್ತಿತ್ತು. “ಬಾಯಾಗ ಕಡಬ ಇಟ್ಕೊಂಡೀಯೇನ?” ಎಂದು ಅವ್ವ ಮನೆಯಲ್ಲಿ ಬೈಯುತ್ತಿದ್ದಳು. ಅವ್ವನ ಕಡಬು ಅಷ್ಟು ರುಚಿಯಾಗಿದ್ದರೆ ಇಟ್ಟುಕೊಂಡಿರುತ್ತಿದ್ದೆನೋ ಏನೋ, ಆ ಮಾತು ಬೇರೆ. ವರ್ಷ ಮುಗಿಯುತ್ತ ಬಂತು. ನನ್ನದೊಂದು ಗೆರೆಯೂ ಇಲ್ಲ.

ಕೊನೆಯ ಪಾಠದ ದಿನ ಅಕ್ಕೋರು ಒಂದು ವಿಚಿತ್ರ ಗ್ರಾಫ್ ಬರೆದರು. ಬಾಗಿದ ಒಂದು ಗೆರೆ ಬಲಕ್ಕೆ ಮೇಲೆ, ಅಂಥದೇ ಇನ್ನೊಂದು ಎಡಕ್ಕೆ ಕೆಳಗೆ. ನನಗೆ ತಕ್ಷಣ ಹೊಳೆಯಿತು. ಎದ್ದು ನಿಂತೆ, ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಬಸು, “ವೈ ಅಂದ್ರ ಒಂದರ ಕೆಳಗ ಎಕ್ಸ್ ರೀ!” ಎಂದು ಕೂಗಿಬಿಟ್ಟ. ನನ್ನ ಕಣ್ಣಲ್ಲಿ ನೀರೇ ಬಂತು.

ಅಕ್ಕೋರು ಮೇಲಿನ ಗೆರೆಗೆ ಬಸುವಿನ ಹೆಸರು ಬರೆದರು. ಆಮೇಲೆ ಚಾಕ್‌ಪೀಸ್ ಕೆಳಗಿಡದೆ ನನ್ನ ಕಡೆ ನೋಡಿದರು. “ಈ ಗ್ರಾಫಿಗೆ ಎರಡ ತುಂಡ ಅದಾವ. ಮ್ಯಾಲಿಂದು ಕೂಗಿದವಂದು. ಕೆಳಗಿಂದು ಬಾಯಿ ತೆರದು ನಿಂತಾಕಿದು.” ಎಂದು ಕೆಳಗಿನ ತುಂಡಿನ ಪಕ್ಕ ನನ್ನ ಹೆಸರು ಬರೆದರು. ಬಸು, “ಅರ್ಧ ಯಾಕ್ರಿ?” ಅಂದ. “ಒಂದ ಸಮೀಕರಣಪ್ಪಾ, ಅದು ಬರೇ ನಿಂದಲ್ಲ,” ಅಂದರು.

ಬಸು ಈಗ ಇಂಡಿ ಪಟ್ಟಣದಲ್ಲಿ ಲಿಂಬೆ ವ್ಯಾಪಾರಿ, ಹರಾಜು ಕೂಗುವ ಕಸುಬೇ. ನಾನೂ ಅಕ್ಕೋರಾಗಿದ್ದೇನೆ. ಪ್ರಶ್ನೆ ಕೇಳಿ ಸ್ವಲ್ಪ ತಡೆಯುವುದು, ಅರೆ ತೆರೆದ ಬಾಯಿಗಳನ್ನು ಹುಡುಕುವುದು ನನ್ನ ಚಾಳಿ.

ಇವತ್ತು ಅದೇ ಗ್ರಾಫನ್ನು ಬಿಡಿಸಿ, ಎರಡು ತುಂಡಿಗೂ ನಮ್ಮಿಬ್ಬರ ಹೆಸರು ಹಚ್ಚಿ, ಬಸವನ ಬಾಗೇವಾಡಿಯಲ್ಲಿ ಮಗಳ ಜೊತೆ ಇರುವ ಅಕ್ಕೋರಿಗೆ ಫೋನಿನಲ್ಲಿ ಕಳಿಸಿದೆ. ಹೊಗಳುತ್ತಾರೆಂದು ಕಾದೆ. ಫೋನೇ ಬಂತು.

“ಅಡ್ಡ ಅಕ್ಷಕ್ಕ ಹೆಸರ ಎಲ್ಲೈತಿ? ಹೆಸರಿಲ್ಲದ್ದು ನಾ ನೋಡಂಗಿಲ್ಲ.”

ಅಂದವಾಗಿ ಕಾಣಲೆಂದು ಅಕ್ಷದ ಹೆಸರನ್ನು ನಾನೇ ತೆಗೆದಿದ್ದೆ. ಫೋನು ಕಿವಿಗಿಟ್ಟುಕೊಂಡೇ, ಅಡ್ಡ ಅಕ್ಷಕ್ಕೆ ‘ರಜಿಯಾ ಅಕ್ಕೋರು’ ಎಂದು ಹಾಕಿ ಮತ್ತೆ ಕಳಿಸಿದೆ. “ಎರಡೂ ತುಂಡು ಆ ಅಕ್ಷದ ಕಡೀಗೇ ಬರಾಕತ್ತಾವ್ರಿ ಅಕ್ಕೋರ. ಎಷ್ಟ ಹೋದ್ರೂ ಮುಟ್ಟಾಕ ಆಗೂದಿಲ್ರಿ,” ಅಂದೆ.

ಅಕ್ಕೋರು ಗದರಿದರು.

“ಹುಚ್ಚಿ. ಅಲ್ಲಿ ಎಕ್ಸ್ ಅಂತ ಬರಿ. ಹುಡುಗ್ರಿಗೆ ತಪ್ಪ ಕಲಿಸಬ್ಯಾಡ.”

“ಹೂಂ ರೀ,” ಎಂದು ಎಕ್ಸ್ ಅಂತಲೇ ಬರೆದೆ. ಮಧ್ಯಾಹ್ನ ಕ್ಲಾಸಿನಲ್ಲಿ ಹುಡುಗರೆಲ್ಲ ಅದನ್ನು ಎಕ್ಸ್ ಎಂದೇ ಓದಿದರು. ನಾನೊಬ್ಬಳು ಮನಸ್ಸಿನಲ್ಲಿ ಅಕ್ಕೋರು ಎಂದು ಓದಿಕೊಂಡೆ.