ಟ್ರ್ಯಾಕ್ಟರಿಗೆ ಬಳಿದ ಹಬ್ಬದ ಬಣ್ಣ

ನಮ್ಮ ಮನೆಯ ಪುಟ್ಟ ಟ್ರ್ಯಾಕ್ಟರಿಗೆ ಚಳಿ ಅಂದರೆ ಆಗುವುದಿಲ್ಲ. ಚಳಿ ಎಂದರೆ ಹಿಮ ಬೀಳುವ ಚಳಿಯೇನಲ್ಲ, ತಣಿಸಂದ್ರದ ಜನವರಿ ಬೆಳಗಿನದು; ಪಕ್ಕದ ಅಪಾರ್ಟ್‌ಮೆಂಟಿನವರು ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೊರಡುತ್ತಾರಲ್ಲ, ಅಷ್ಟು. ಅಷ್ಟಕ್ಕೇ ಇದು ಮುಖ ಊದಿಸಿಕೊಂಡು ಕೂರುತ್ತದೆ. ಹೀಟರ್ ಕೀ ತಿರುಗಿಸಿ ಇಪ್ಪತ್ತರವರೆಗೆ ಎಣಿಸಬೇಕು, ಆಮೇಲೆ ಸೆಲ್ಫ್ ಹೊಡೆಯಬೇಕು, ಹೊಗೆ ಬಂದರೆ ಪುಣ್ಯ.

ಈ ಕೆಲಸ ನನ್ನ ತಲೆಗೆ ಬಂದದ್ದು ತವರಿನ ದೆಸೆಯಿಂದ. ಅಪ್ಪನಿಗೆ ಯಶವಂತಪುರದಲ್ಲಿ ಪಂಪ್ ರಿಪೇರಿ ಅಂಗಡಿ ಇತ್ತು. ಸ್ಪ್ಯಾನರ್ ಹಿಡಿಯುವುದು ಗೊತ್ತು ಎಂದು ಮದುವೆಯಾದ ಹೊಸದರಲ್ಲಿ ಜಂಬದಿಂದ ಹೇಳಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ನನ್ನ ಉಗುರಿನ ಸಂದಿಯಲ್ಲಿ ಗ್ರೀಸ್ ಇರುತ್ತಿರಲಿಲ್ಲ.

ಟ್ರ್ಯಾಕ್ಟರ್ ಇರುವುದು ಅತ್ತೆಗಾಗಿ. ಊರಿನ ಹೊಲವೆಲ್ಲ ಕಟ್ಟಡವಾಗಿ, ಬಾಡಿಗೆ ಮನೆಗಳಾಗಿ, ಮನೆಯ ಹಿಂದೆ ಅರ್ಧ ಎಕರೆ ಉಳಿದಿದೆ. ಅದರಲ್ಲಿ ಅತ್ತೆ ದಂಟು, ಮೆಂತ್ಯ, ಕೊತ್ತಂಬರಿ ಬೆಳೆಯುತ್ತಾರೆ. ಮನೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ ಬೇರೆ ಯಾವ ಟ್ರ್ಯಾಕ್ಟರೂ ನುಗ್ಗುವುದಿಲ್ಲ, ಈ ಮುದಿ ಗಾಡಿಯೊಂದೇ. ಹಾಗಾಗಿ ಇದು ಓಡಿದರೆ ಸೊಪ್ಪು, ನಿಂತರೆ ಬರಿ ನೆಲ.

ಆಯುಧಪೂಜೆ ಬಂತೆಂದರೆ ಅತ್ತೆಗೆ ಸಂಭ್ರಮ. ನಾನು ಬ್ಯಾಟರಿ ಇಳಿಸಿ, ವೈರು ಬಿಚ್ಚಿ, ಗಾಡಿ ತೊಳೆದುಕೊಡಬೇಕು. ಅವರು ಕೆಂಪು ಬಣ್ಣದ ಡಬ್ಬಿ, ಬ್ರಷ್ ಹಿಡಿದು ಇಡೀ ದಿನ ಕೂರುತ್ತಾರೆ. ಬಾನೆಟ್ಟಿಗೆ ಬಳಿದರೆ ಸಾಕು ಎಂದರೆ ಕೇಳುವವರಲ್ಲ. ಚಾಸಿ, ನಟ್ಟು, ಬೋಲ್ಟು, ಒಂದು ಸಲ ಸೈಲೆನ್ಸರಿಗೂ ಬಳಿದು, ವಾರಗಟ್ಟಲೆ ಸುಟ್ಟ ಬಣ್ಣದ ವಾಸನೆ ಕುಡಿದಿದ್ದೇವೆ. ಆಮೇಲೆ ಅರಿಶಿನ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು.

ಎರಡು ವರ್ಷದ ಹಿಂದೆ ಹಬ್ಬ ಕಳೆದು ಚಳಿ ಬಂದ ಮೇಲೆ ಗಾಡಿ ಕೈಕೊಟ್ಟಿತು. ಮಧ್ಯಾಹ್ನ ಬಿಸಿಲೇರಿದ ಮೇಲೆ ಹೇಗೋ ಸ್ಟಾರ್ಟ್ ಆಗುತ್ತಿತ್ತು. ಬೆಳಗ್ಗೆ ಮಾತ್ರ ಸೆಲ್ಫ್ ಒಂದು ಸುತ್ತು ಮುಕ್ಕಿರಿದು, ಕಟಕ್ ಎಂದು ನಿಲ್ಲುತ್ತಿತ್ತು. ಬ್ಯಾಟರಿ ಚಾರ್ಜ್ ಮಾಡಿಸಿದೆ. ಅಂಗಡಿಯವನು ಬ್ಯಾಟರಿ ಗಟ್ಟಿಮುಟ್ಟಾಗಿದೆ ಎಂದ. ಡೀಸೆಲ್ ಫಿಲ್ಟರ್ ಬದಲಿಸಿ ಏರ್ ತೆಗೆದೆ. ಎಂಜಿನ್ ಆಯಿಲ್ ಬದಲಿಸಿದೆ. ಸ್ನಾನದ ಬಿಸಿನೀರನ್ನು ತಂದು ಎಂಜಿನ್ ಮೇಲೆ ಸುರಿದು, ಸ್ನಾನವಿಲ್ಲದೆ ದಿನ ಕಳೆದೆ. ನನ್ನ ಬಾಯಲ್ಲಿ ಬಂದ ಮಾತುಗಳನ್ನು ಅಪ್ಪ ಕೇಳಿದ್ದರೆ ಅಂಗಡಿಯ ಹುಡುಗರಿಂದ ಕಲಿತದ್ದೆಂದು ತಕ್ಷಣ ಗುರುತು ಹಿಡಿಯುತ್ತಿದ್ದ. ಗಾಡಿ ಮಾತ್ರ ಅಲ್ಲಾಡಲಿಲ್ಲ.

ಕೊನೆಗೆ ನನ್ನ ಗಂಡ ತೀರ್ಮಾನ ಮಾಡಿಬಿಟ್ಟರು.

"ಇದು ಗಾಡಿ ಅಲ್ಲ ಕಣೇ, ತಲೆನೋವು. ಭಾನುವಾರ ಗುಜರಿಯವ್ರು ಬಂದು ಎತ್ತಾಕೊಂಡ್ ಹೋಗ್ತಾರೆ. ಹಿಂದಿನ ಜಾಗ ಅಪಾರ್ಟ್‌ಮೆಂಟಿನವರಿಗೆ ಪಾರ್ಕಿಂಗ್‌ಗೆ ಕೊಟ್ಬಿಡೋಣ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಬಿಡಿಸುತ್ತಿದ್ದ ಮೆಂತ್ಯದ ಕಟ್ಟನ್ನು ಮತ್ತೆ ಮೊದಲಿನಿಂದ ಬಿಡಿಸತೊಡಗಿದರು. ನನಗೆ ಗಂಡನ ಮೇಲೂ ಸಿಟ್ಟು ಬಂತು, ಗಾಡಿಯ ಮೇಲೂ ಬಂತು, ಸುಮ್ಮನಿದ್ದ ಅತ್ತೆಯ ಮೇಲೂ ಬಂತು.

ಶನಿವಾರ ಬೆಳಗ್ಗೆ ಕಡೆಯ ಸಲವೆಂದು ಸೀಟಿನ ಮೇಲೆ ಕೂತೆ. ಬಲಗೈಯಲ್ಲಿ ಕೀ, ಎಡಗೈ ಸುಮ್ಮನೆ ಆಕ್ಸಿಲರೇಟರ್ ಕೇಬಲ್ ಮೇಲೆ. ಸೆಲ್ಫ್ ಹೊಡೆದೆ. ಕಟಕ್. ಮತ್ತೆ ಹೊಡೆದೆ. ಬೆರಳು ಚುರ್ರೆಂದಿತು. ಅಷ್ಟು ಚಳಿಯಲ್ಲಿ, ಎಂಜಿನ್ ತಣ್ಣಗಿರುವಾಗ, ಕೇಬಲ್ ಯಾಕೆ ಬಿಸಿಯಾಗಬೇಕು? ಅಪ್ಪನ ಅಂಗಡಿಯಲ್ಲಿ ಕಲಿತದ್ದು ಆಗ ನೆನಪಾಯಿತು: ಅರ್ತ್ ಸರಿಯಿಲ್ಲದಿದ್ದರೆ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ.

ಇಳಿದು ಹದಿಮೂರರ ಸ್ಪ್ಯಾನರಿನಲ್ಲಿ, ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ತ್ ವೈರು ಬಿಚ್ಚಿದೆ. ವೈರಿನ ತುದಿಗೂ ಬಣ್ಣ, ಅದು ಕೂರುವ ಚಾಸಿಯ ಜಾಗಕ್ಕೂ ಬಣ್ಣ, ಬೆಣ್ಣೆ ಸವರಿದಷ್ಟು ದಪ್ಪ; ಕರೆಂಟು ದಾಟುವುದೆಲ್ಲಿಂದ? ಬಣ್ಣ ಬಳಿದದ್ದು ಅತ್ತೆ. ಅದರ ಮೇಲೆ ಕಣ್ಣು ಮುಚ್ಚಿ ನಟ್ಟು ಬಿಗಿದದ್ದು ನಾನು, ರಿಪೇರಿ ಗೊತ್ತಿರುವ ಜಾಣೆ. ಉಪ್ಪುಕಾಗದ ಹಿಡಿದು ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆ. ಬಿಗಿದು, ಇಪ್ಪತ್ತು ಎಣಿಸಿ, ಸೆಲ್ಫ್ ಹೊಡೆದರೆ ಮೊದಲನೇ ಏಟಿಗೇ ಎದ್ದಿತು. ಓಣಿ ತುಂಬ ಹೊಗೆ. ಪಕ್ಕದ ಅಪಾರ್ಟ್‌ಮೆಂಟಿನ ಕಿಟಕಿಗಳು ಪಟಪಟ ಮುಚ್ಚಿಕೊಂಡವು.

ಗಂಡ ಲುಂಗಿ ಎತ್ತಿ ಕಟ್ಟಿಕೊಳ್ಳುತ್ತಾ ಓಡಿ ಬಂದರು. ಅವರ ಹಿಂದೆ ಅತ್ತೆ. ಬಾನೆಟ್ ಸವರುತ್ತಾ ಮಗನಿಗೆ ಕೇಳುವ ಹಾಗೆ ನನಗೆ ಹೇಳಿದರು: "ಅದ್ಕೇ ಕಣಮ್ಮ ನಾನು ವರ್ಸಾ ವರ್ಸಾ ಬಣ್ಣ ಬಳಿಯೋದು. ಇಲ್ದಿದ್ರೆ ಇದು ಯಾವತ್ತೋ ಓಗಿರೋದು."

ನನ್ನ ಕೈಯಲ್ಲಿ ಉಪ್ಪುಕಾಗದ, ಅದರ ತುಂಬ ಅವರ ಕೆಂಪು ಬಣ್ಣದ ಪುಡಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಂಡ ಪಕ್ಕದಲ್ಲೇ ನಿಂತಿದ್ದರಲ್ಲ, ನುಂಗಿಕೊಂಡೆ. ಭಾನುವಾರ ಬರುವವರಿಗೆ ಬರಬೇಡಿರೆಂದು ಅವರೇ ಫೋನ್ ಮಾಡಿದರು.

ಮುಂದಿನ ಆಯುಧಪೂಜೆಗೆ ಬುದ್ಧಿವಂತಿಕೆ ಮಾಡಿ ಆ ಜಾಗಕ್ಕೆ ಟೇಪ್ ಅಂಟಿಸಿದ್ದೆ. ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಅತ್ತೆ ಯಾವುದೋ ಕಸವೆಂದು ಟೇಪ್ ಕಿತ್ತು, ಅಲ್ಲೂ ಬಳಿದಾಗಿತ್ತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಹೋದ್ ಚಳೀಲಿ ಗಾಡಿ ನಿಂತಿದ್ದೇ ಇಲ್ಲಿ ಬಣ್ಣ ಬಳಿದಿದ್ದಕ್ಕೆ ಅತ್ತೆ," ಅಂದುಬಿಟ್ಟೆ.

ಬ್ರಷ್ ಹಿಡಿದ ಕೈ ಹಾಗೇ ನಿಂತಿತು. ಮಗನಿಗೆ ಗೊತ್ತಾ ಎಂದು ಕೇಳಿದರು. ಇಲ್ಲ, ನೋಡದೆ ನಟ್ಟು ಬಿಗಿದವಳು ನಾನು, ತಪ್ಪು ನನ್ನದೂ ಇದೆ ಎಂದೆ. ಅದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

"ಇಷ್ಟು ದಿನ ಒಟ್ಟೇಲಿ ಇಟ್ಕೊಂಡಿದ್ಯೇನಮ್ಮ," ಅಂದರು.

ಆಮೇಲೆ ನಿಧಾನಕ್ಕೆ ಬಗ್ಗಿ, ಸೆರಗಿನ ತುದಿಯಿಂದ ಆ ಹಸಿ ಬಣ್ಣವನ್ನು ಒರೆಸತೊಡಗಿದರು, ಕಬ್ಬಿಣ ಕಾಣುವವರೆಗೆ. ಹಬ್ಬಕ್ಕೆಂದು ಮೊದಲ ಸಲ ಉಟ್ಟ ಸೀರೆ. ಅದಕ್ಕೂ ಬೈದೆ.