ಭೂಮಿಕಾ ಫೋನ್ ಆಫ್ ಮಾಡಿದ ದಿನ

ಭೂಮಿಕಾ ಭದ್ರಾವತಿಯವಳು. ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಒಂಬತ್ತು ವರ್ಷದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಾಳೆ. ಕಾರ್ಖಾನೆಗಳಿಗೆ ಸರಕು ಬಂದದ್ದು, ಹೋದದ್ದು ದಾಖಲಿಸುವ ಪ್ರೋಗ್ರಾಂ ಬರೆಯುವುದು ಅಲ್ಲಿಯ ಕೆಲಸ. ಮಾಲೀಕ ಉಜ್ಜನಪ್ಪನವರಿಗೆ ಕಂಪ್ಯೂಟರ್ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಕೆಲಸ ಒಪ್ಪಿಸಿ, ಯಾವತ್ತು ಮುಗಿಯುತ್ತದೆ ಎಂದು ಕೇಳಿ, ಆ ದಿನದವರೆಗೆ ಸುಮ್ಮನಿರುತ್ತಿದ್ದರು.

ಕೆಲಸದವರು ಹನ್ನೊಂದು ಜನ ಆದಾಗ ಅವರು ಜ್ಞಾನೇಶ್ ಎಂಬ ಮ್ಯಾನೇಜರನ್ನು ತಂದರು. ಕೆಟ್ಟವನಲ್ಲ. ಎಲ್ಲರಿಗಿಂತ ಮೊದಲು ಬರುತ್ತಿದ್ದ, ಎಲ್ಲರೂ ಹೋದ ಮೇಲೆ ಹೋಗುತ್ತಿದ್ದ. ಆದರೆ ಕೆಲಸ ನಡೆಯುವುದು ತನ್ನ ಕಣ್ಣಿಗೆ ಕಾಣದಿದ್ದರೆ ಅದು ನಡೆಯುತ್ತಲೇ ಇಲ್ಲ ಎಂದು ನಂಬಿದ್ದ. ಬೆಳಿಗ್ಗೆ ಒಂಬತ್ತೂವರೆಗೆ, ಹದಿನೈದು ನಿಮಿಷ ಎಂದು ಶುರುವಾದ ಮೀಟಿಂಗ್ ಹನ್ನೊಂದಕ್ಕೆ ಮುಗಿಯುತ್ತಿತ್ತು. ಆಮೇಲೆ ಗಂಟೆಗಂಟೆಗೂ ಏನು ಮಾಡಿದಿರಿ ಎಂದು ಶೀಟಿನಲ್ಲಿ ತುಂಬಬೇಕು. ತುಂಬಿದ್ದನ್ನೇ ಸಂಜೆ ಬಾಯಲ್ಲಿ ಹೇಳಬೇಕು. ವಾಟ್ಸಾಪಿನಲ್ಲಿ ಐದು ನಿಮಿಷದೊಳಗೆ ಉತ್ತರ ಕೊಡದಿದ್ದರೆ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದ.

ಭೂಮಿಕಾಳ ಪಕ್ಕ ಕೂರುತ್ತಿದ್ದ ಸೌಂದರ್ಯ ಚುರುಕಿನವಳು. ಹತ್ತು ಎಳೆ ತಲೆಯಲ್ಲಿ ಹಿಡಿದು ಬರೆಯುತ್ತಿರುವಾಗ ಯಾರಾದರೂ ಕರೆದರೆ ಹತ್ತೂ ಜಾರಿಹೋಗುತ್ತವೆ, ಮತ್ತೆ ಕೂಡಿಸಿಕೊಳ್ಳಲು ಅರ್ಧ ಗಂಟೆ ಬೇಕು ಎಂದು ಅವಳು ಜ್ಞಾನೇಶನಿಗೆ ಎರಡು ಸಲ ವಿವರಿಸಿದಳು. ಅವನು ಗಮನವಿಟ್ಟು ಕೇಳಿ, ಆ ವಿಷಯಕ್ಕೇ ಒಂದು ಮೀಟಿಂಗ್ ಕರೆದ. ಮಾರನೆಯ ವಾರ ಸೌಂದರ್ಯ ಕೆಲಸ ಬಿಟ್ಟಳು.

ಅವಳ ಪಾಲಿನ ಕೆಲಸವೂ ಭೂಮಿಕಾಳ ತಲೆಗೆ ಬಂತು. ಅಷ್ಟರಲ್ಲಿ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಗೆ ಹೊಸ ಪ್ರೋಗ್ರಾಂ ಶುಕ್ರವಾರವೇ ಕೊಡುತ್ತೇವೆ ಎಂದು ಜ್ಞಾನೇಶ್ ಯಾರನ್ನೂ ಕೇಳದೆ ಒಪ್ಪಿಕೊಂಡಿದ್ದ. ಪರೀಕ್ಷೆ ಮಾಡಲು ಎರಡು ದಿನ ಬೇಕು ಎಂದಳು ಭೂಮಿಕಾ. ಕೊಟ್ಟ ಮೇಲೆ ನೋಡಿದರಾಯಿತು ಎಂದ. ಸೋಮವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಒಂದು ಲಾರಿಯ ತೂಕ ಇನ್ನೊಂದು ಲಾರಿಯ ಚೀಟಿಯಲ್ಲಿ ಅಚ್ಚಾಗತೊಡಗಿತು. ಗೇಟಿನಿಂದ ರಸ್ತೆಯವರೆಗೆ ಲಾರಿಗಳು ಸಾಲುಗಟ್ಟಿದವು.

ಭೂಮಿಕಾ ತಪ್ಪು ಹುಡುಕಲು ಕೂತಳು. ಹತ್ತು ನಿಮಿಷಕ್ಕೆ ಜ್ಞಾನೇಶ್ ಬಂದು ಎಷ್ಟು ಪರ್ಸೆಂಟ್ ಆಯಿತು ಎಂದು ಕೇಳಿದ. ಮತ್ತೆ ಹತ್ತು ನಿಮಿಷಕ್ಕೆ ಸಹಾಯಕ್ಕೆಂದು ಮೂವರನ್ನು ಅವಳ ಸುತ್ತ ಕೂರಿಸಿದ. ಅವರಿಗೆ ವಿಷಯ ತಿಳಿಸುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಹನ್ನೊಂದಕ್ಕೆ, ಎಲ್ಲರೂ ಒಳಗೆ ಬನ್ನಿ, ಯಾಕೆ ತಡವಾಗುತ್ತಿದೆ ಎಂದು ಮಾತಾಡೋಣ ಎಂದ.

ಭೂಮಿಕಾ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದಳು.

"ಎಲ್ಲಿಗೆ ಮೇಡಂ?" ಜ್ಞಾನೇಶ್ ಕೇಳಿದ.

"ಕೆಲ್ಸ ಮಾಡೋಕೆ ಹೋಗ್ತಿದೀನಿ."

ಕಾರ್ಖಾನೆಗೆ ಹೋಗುವ ಆಟೋದಲ್ಲಿ ಫೋನ್ ಮೂರು ಸಲ ಬಡಿದುಕೊಂಡಿತು. ನಾಲ್ಕನೆಯ ಸಲಕ್ಕೆ ಆಫ್ ಮಾಡಿದಳು. ಒಂಬತ್ತು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ವೇಬ್ರಿಡ್ಜ್ ನೋಡಿಕೊಳ್ಳುವ ಮಲ್ಲಿಕ್ ಬೆಳಗಿನಿಂದ ಡ್ರೈವರುಗಳ ಬೈಗುಳ ತಿಂದಿದ್ದ. ಆದರೂ ಎಷ್ಟು ಹೊತ್ತಾಗುತ್ತದೆ ಎಂದು ಕೇಳಲಿಲ್ಲ; ಏನು ಬೇಕು ಎಂದು ಕೇಳಿದ. ಯಾರೂ ಮಾತಾಡಿಸದಿದ್ದರೆ ಸಾಕು ಎಂದಳು. ಅವನು ತನ್ನ ಕುರ್ಚಿ ಬಿಟ್ಟುಕೊಟ್ಟು, ಹೊರಗೆ ಹೋಗಿ ಕ್ಯಾಬಿನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಐವತ್ತು ನಿಮಿಷಕ್ಕೆ ತಪ್ಪು ಸಿಕ್ಕಿತು. ಎರಡು ಲಾರಿ ಒಟ್ಟಿಗೆ ದಾಖಲಾದರೆ ಮೊದಲನೆಯದರ ನಂಬರ್ ಅಳಿಸಿಹೋಗುತ್ತಿತ್ತು. ಸರಿಪಡಿಸಿದ್ದು ಎರಡೇ ಸಾಲು. ಪರೀಕ್ಷೆಗೆ ಕೇಳಿದ ಆ ಎರಡು ದಿನ ಕೊಟ್ಟಿದ್ದರೆ ಅದು ಆಫೀಸಿನಲ್ಲೇ ಸಿಕ್ಕಿಬೀಳುತ್ತಿತ್ತು. ಮಲ್ಲಿಕ್ ಆರು ಲಾರಿ ತೂಗಿ ನೋಡಿ, ಟೀ ತರಿಸಿದ.

ಮಾರನೆಯ ದಿನ ಜ್ಞಾನೇಶ್, ಫೋನ್ ಆಫ್ ಮಾಡಿದ್ದಕ್ಕೆ ಕಾರಣ ಬರೆದುಕೊಡಿ ಎಂದ. ಭೂಮಿಕಾ ಅವನು ತುಂಬಿಸಿಕೊಂಡ ಶೀಟುಗಳನ್ನೇ ಎದುರಿಗಿಟ್ಟುಕೊಂಡು ಬರೆದಳು: ಮೀಟಿಂಗಿಗೆ, ಶೀಟಿಗೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವುದಕ್ಕೆ ದಿನಕ್ಕೆ ಐದು ಗಂಟೆ, ಕೆಲಸಕ್ಕೆ ಮೂರು. ಒಂದು ಪ್ರತಿ ಉಜ್ಜನಪ್ಪನವರಿಗೂ ಕೊಟ್ಟಳು.

ಅವರು ಎರಡು ದಿನ ಆಫೀಸಿನ ಹಿಂದಿನ ಮೇಜಿನಲ್ಲಿ ನ್ಯೂಸ್ ಪೇಪರ್ ಹಿಡಿದು ಕೂತರು. ಮೂರನೆಯ ದಿನ ಇಬ್ಬರನ್ನೂ ಕೋಣೆಗೆ ಕರೆದರು.

"ಎರಡು ದಿನ ನೋಡ್ದೆ ಜ್ಞಾನೇಶ. ನೀನು ಎದ್ದು ಒಬ್ರ ಹತ್ರ ಹೋದಾಗೆಲ್ಲ ಅಲ್ಲಿ ಕೆಲ್ಸ ನಿಂತಿದೆ. ಒಂದ್ಸಲಾನೂ ಶುರುವಾಗಿಲ್ಲ."

ಜ್ಞಾನೇಶ್ ಕೇಳಿದ: "ಕೇಳ್ದೇ ಇದ್ರೆ ನನಗೇನು ಕೆಲ್ಸ ಸರ್ ಇಲ್ಲಿ?"

ಅವನು ನಿಜವಾಗಿಯೂ ಹೆದರಿದ್ದಾನೆ ಎಂದು ಭೂಮಿಕಾಳಿಗೆ ಆಗಲೇ ಗೊತ್ತಾದದ್ದು. ಕೋಪ ಇಳಿಯಲಿಲ್ಲ, ಆದರೆ ದನಿ ಇಳಿಯಿತು. "ಶುಕ್ರವಾರಕ್ಕೆ ಆಗಲ್ಲ ಅಂತ ಕಾರ್ಖಾನೆಯವ್ರಿಗೆ ಹೇಳೋಕೆ ನಮಗೊಬ್ರು ಬೇಕು. ಅದು ಮಾಡಿ."

ಶೀಟು ನಿಂತಿತು. ಮಧ್ಯಾಹ್ನದ ಊಟದವರೆಗೆ ಯಾರೂ ಯಾರನ್ನೂ ಕರೆಯಬಾರದು, ಮೀಟಿಂಗ್ ಊಟದ ನಂತರ ಒಂದೇ ಎಂದಾಯಿತು. ಒಮ್ಮೆ ಜ್ಞಾನೇಶ್ ಮುಖ ಕೆಂಪಗೆ ಮಾಡಿಕೊಂಡು ಫೋನಿನಲ್ಲಿ, ಇನ್ನೂ ನಾಲ್ಕು ದಿನ ಬೇಕು ಎಂದು ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಂಡರು.

ಭೂಮಿಕಾ ಸೌಂದರ್ಯಳಿಗೆ ಫೋನ್ ಮಾಡಿ ವಾಪಸ್ ಕರೆದಳು.

"ಮತ್ತೆ ಅದೇ ಶುರುವಾದ್ರೆ ಅಕ್ಕ?"

ಸೌಂದರ್ಯ ಬರಲಿಲ್ಲ. ಅವಳ ಜಾಗಕ್ಕೆ ಬಂದ ಹೊಸಬಳಿಗೆ ಕಲಿಸಲು ನಾಲ್ಕು ತಿಂಗಳು ಹಿಡಿಯಿತು. ಹೋದ ವಾರ ಬಸ್ಸಿಳಿದು ಬಂದ ಭೂಮಿಕಾ ಆಫೀಸಿನ ಬೋರ್ಡಿನ ಮೇಲೆ ನೋಡಿದರೆ, ಊಟದ ನಂತರದ ಒಂದು ಮೀಟಿಂಗ್ ಎರಡಾಗಿತ್ತು. ಬ್ಯಾಗ್ ಕೂಡ ಇಳಿಸದೆ ಅವಳು ನೇರವಾಗಿ ಜ್ಞಾನೇಶನ ಮೇಜಿಗೆ ಹೋದಳು.