ಗೆಳೆಯನ ಗಾಡಿಯಿಂದ ಬಿಚ್ಚಿದ ಸ್ಪ್ರಿಂಗು

ಸಾಗರದ ಗಿರಾಕಿಯೊಬ್ಬರು ಹೆಂಡತಿ ಮಗುವಿನ ಜೊತೆ ಹೊಸನಗರದ ನನ್ನ ಗ್ಯಾರೇಜಿಗೆ ಬಂದು ಎರಡು ಸ್ಪ್ರಿಂಗ್ ಇಳಿಸಿದರು. ಗೆಳೆಯನ ದೊಡ್ಡ ಗಾಡಿಯಿಂದ ಬಿಚ್ಚಿದ್ದಂತೆ. ಇವರ ಎಸ್‌ಯುವಿಯ ಮುಂಭಾಗ ಹಿಂಭಾಗಕ್ಕಿಂತ ಎರಡು ಬೆರಳು ತಗ್ಗಿತ್ತು. ಈ ಸ್ಪ್ರಿಂಗ್ ಹಾಕಿ ಅದನ್ನು ಸಮ ಮಾಡಬೇಕಂತೆ.

"ಬೇಡ ಸರ್, ಇದು ನಿಮ್ಮ ಗಾಡೀದಲ್ಲ" ಎಂದೆ.

"ಮೊಬೈಲಲ್ಲಿ ನೋಡಿದೀನಿ ಮಾರಾಯ್ರೆ, ಅರ್ಧ ಗಂಟೆ ಕೆಲಸ" ಎಂದು ನನಗೇ ಪಾಠ ಹೇಳಿದರು.

ಒಪ್ಪಿ ಹಾಕಿದ್ದು ನನ್ನ ತಪ್ಪು. ಗಾಡಿಯೇನೋ ಸಮವಾಯಿತು. ಜಾಕ್ ಕೊಟ್ಟು, ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿದರೆ ಉದ್ದ ಸ್ಪ್ರಿಂಗಿಗೆ ಚಕ್ರ ಕೆಳಗೆ ಜೋತು, ಬ್ರೇಕ್ ಪೈಪು ಹರಿದುಹೋಗುವಷ್ಟು ಬಿಗಿದಿತ್ತು.

"ಗುಂಡಿಗೆ ಚಕ್ರ ಇಳಿದ್ರೆ ಇದು ಕಿತ್ತು ಬರುತ್ತೆ ಸರ್."

"ವಿಡಿಯೋದಲ್ಲಿ ಹಂಗೇನೂ ಹೇಳಿಲ್ವಲ್ಲ!"

"ಹುಲಿಕಲ್ ಘಾಟಿ ಇಳಿವಾಗ ವಿಡಿಯೋ ಬಂದು ಬ್ರೇಕ್ ಹಿಡಿಯುತ್ತಾ?"

ಸಿಟ್ಟಿನಿಂದ ಕೀ ಕೇಳಿದರು. ನಾನು ಕೊಡಲಿಲ್ಲ. ಬೆಂಚಿನ ಮೇಲೆ ಮಗು ಎತ್ತಿಕೊಂಡು ಕೂತಿದ್ದ ಹೆಂಡತಿ, "ಅಣ್ಣಾ, ಮೊದ್ಲು ಅದನ್ನ ತೆಗೀರಿ. ನಾವು ಇವತ್ತೇ ಘಾಟಿ ಇಳೀಬೇಕು" ಎಂದರು.

ಹಳೆಯದನ್ನೇ ಹಾಕಿ ಕಳಿಸಿದೆ. ಆದರೆ ಬಿಚ್ಚುವ ಮೊದಲೇ ಆ ಮಹಾನುಭಾವರು ಸಮವಾಗಿ ನಿಂತ ಗಾಡಿಯ ಫೋಟೊ ಹೊಡೆದು ಸ್ನೇಹಿತರಿಗೆಲ್ಲ ಕಳಿಸಿದ್ದರಂತೆ. ಈಗ ತೀರ್ಥಹಳ್ಳಿಯಿಂದಲೂ ಜನ ಆ ಫೋಟೊ ಹಿಡಿದುಕೊಂಡು ಬರುತ್ತಾರೆ: "ಇಷ್ಟು ಚಂದ ಮಾಡಿದ್ದು ನೀವೇ ಅಲ್ವಾ?"